ಲಾಭ, ಎರಡು, ಮೂರು

ಇವತ್ತು ಬೆಳಿಗ್ಗೆ ಹೊರಕೆರೆದೇವಪುರದಲ್ಲಿ ಒಬ್ಬ ಅಜ್ಜಿ ಸೇರಿನಲ್ಲಿ ರಾಗಿ ಅಳೆಯುತ್ತಿದ್ದಳು. "ಲಾಭ... ಎರಡು... ಮೂರು..." ಮೊದಲ ಸೇರಿಗೆ ಒಂದು ಅನ್ನಬಾರದಂತೆ, ಲಾಭ ಅನ್ನಬೇಕಂತೆ.

"ಅಷ್ಟೂ ಗೊತ್ತಿಲ್ಲೇನಪ್ಪ? ಏನು ಓದಿದ್ಯೋ!" ಎಂದು ನಕ್ಕಳು.

ನನಗೆ ನಗು ಬರಲಿಲ್ಲ. ಹಳೆಯ ನೋಟ್‌ಬುಕ್ಕೊಂದು ನೆನಪಾಯಿತು.

ಹತ್ತು-ಹನ್ನೆರಡು ವರ್ಷದ ಹಿಂದೆ ಹೊಳಲ್ಕೆರೆಯ ನಿವೃತ್ತ ಕನ್ನಡ ಮೇಷ್ಟ್ರೊಬ್ಬರು ನನಗೊಂದು ನೋಟ್‌ಬುಕ್ ತಂದುಕೊಟ್ಟಿದ್ದರು. ಹೆಚ್ಚು ಓದದೆಯೂ ಗಣಿತದ ಹುಚ್ಚು ಹಿಡಿಸಿಕೊಂಡ ನಮ್ಮ ಕಡೆಯವರ ಬದುಕನ್ನು ಅವರು ಊರೂರು ತಿರುಗಿ ಬರೆದಿಡುತ್ತಿದ್ದರು. ಇದು ಚಿಕ್ಕಜಾಜೂರಿನ ರೈಲ್ವೆ ಗ್ಯಾಂಗ್‌ಮನ್ ಒಬ್ಬನದು. ಕುರಿ ಕಾಯುವ ಮನೆಯವನು, ಆಗಲೇ ತೀರಿಕೊಂಡಿದ್ದ. ಪುಟದ ತುಂಬ ಏಳು ಸಾಲು, ಸಾಲಿಗೆ ಏಳು ಮನೆಯ ಚೌಕಗಳು. ಪ್ರತಿ ಚೌಕದಲ್ಲೂ ಅಂಕಿಗಳ ನಡುವೆ ಒಂದು ಕಡೆ "ಲಾಭ" ಎಂಬ ಪದ. ನಾನು ಆಗಷ್ಟೇ ಎಂಎಸ್ಸಿ ಮುಗಿಸಿದ್ದೆ.

"ಇದು ಕುರಿ ವ್ಯಾಪಾರದ ಲೆಕ್ಕ ಸರ್, ಗಣಿತ ಅಲ್ಲ" ಎಂದುಬಿಟ್ಟೆ.

ಕೂಡಿ ನೋಡಿದ್ದೆನೆ? ನೋಡಿರಲಿಲ್ಲ ಎಂದೇ ನನ್ನ ನೆನಪು.

ರಾಗಿ ಅಳೆಯುವಲ್ಲಿಂದ ನೇರ ಮೇಷ್ಟ್ರ ಮನೆಗೆ ಹೋದೆ. ಅವರಿಗೀಗ ಕಣ್ಣು ಮಂಜು. ನೋಟ್‌ಬುಕ್ ಎಲ್ಲಿ ಎಂದು ಕೇಳಿದೆ.

"ನೋಟ್‌ಬುಕ್ ವಾಪಸ್ ಕೊಡುವಾಗ ನೀನು ಹೇಳಿದ್ನ ಅವನ ಹೆಂಡ್ತಿಗೆ ಹಂಗೇ ಹೇಳ್ದೆ. ಊರೋರು ಹುಚ್ಚ ಅಂತಿದ್ದಿದ್ದು ನಿಜ ಆತಲ್ಲ ಅಂತ ಅತ್ತು, ಒಲೆಗೆ ಹಾಕಿದ್ರಂತೆ. ನಾನೂ ಬರೀತಿದ್ದ ಪುಸ್ತಕದಿಂದ ಅವನ ಕತೆ ತೆಗೆದೆ."

ನನ್ನ ಮುಖ ಅವರಿಗೆ ಕಾಣದಿದ್ದದ್ದೇ ಪುಣ್ಯ.

"ಒಂದು ಪುಟ ನಕಲು ಮಾಡಿದ್ದೆ. ನಂಗೆ ಲೆಕ್ಕ ಅಂದ್ರೆ ಜ್ವರ ಕಣಪ್ಪ, ರಂಗೋಲಿ ನೋಡಿ ಬಿಟ್ಟಂಗೆ ಬರ್ಕಂಡೆ. ಟ್ರಂಕಿನಾಗೈತೆ, ತಗಿ."

ಎರಡನೇ ಸಾಲು ಕೂಡಿದೆ: ನೂರೆಪ್ಪತ್ತೈದು. ಮೂರನೆಯದೂ ನೂರೆಪ್ಪತ್ತೈದು. ಕೊನೆಯವರೆಗೂ ಅಷ್ಟೇ; ಸಾಲು ಸಾಲಿಗೂ ಒಂದೇ ಮೊತ್ತ ಬರುವ ಮಾಯಾಚೌಕ. ಧೈರ್ಯ ಮಾಡಿ ಕೊನೆಗೆ "ಲಾಭ" ಇದ್ದ ಮೊದಲ ಸಾಲಿಗೆ ಬಂದೆ. ಮೂವತ್ತು, ಮೂವತ್ತೊಂಬತ್ತು, ನಲವತ್ತೆಂಟು, ಲಾಭ, ಹತ್ತು, ಹತ್ತೊಂಬತ್ತು, ಇಪ್ಪತ್ತೆಂಟು. ಪದ ಬಿಟ್ಟು ಕೂಡಿದೆ. ನೂರೆಪ್ಪತ್ತನಾಲ್ಕು.

ಒಂದೇ ಒಂದು ಕಡಿಮೆ. ಆ ಒಂದೇ ಅವನ ಲಾಭ. ಆದರೆ ಈ ನೂರೆಪ್ಪತ್ತನಾಲ್ಕನ್ನು ನಾನು ಮೊದಲೇ ಕಂಡಿದ್ದೆ. ಅವತ್ತು ಆ ನೋಟ್‌ಬುಕ್ಕಿನ ಅಂಚಿನಲ್ಲಿ, ಪೆನ್ಸಿಲಿನಲ್ಲಿ, ನನ್ನದೇ ಕೈಬರಹದಲ್ಲಿ. ಅಥವಾ ಭಯವೇ ಈಗ ಆ ನೆನಪನ್ನು ಕಟ್ಟಿಕೊಟ್ಟಿತೋ?

"ಏನಪ್ಪ, ಸರಿ ಐತಾ?"

"ಸರಿ ಐತೆ ಸರ್. ಎಲ್ಲಾ ಸರಿ ಐತೆ."

ಮೇಷ್ಟ್ರು ಗೋಡೆ ಹಿಡಿದು ಎದ್ದರು. "ಆಯಮ್ಮ ಇನ್ನೂ ಅದಾರೆ. ನಾಳೆ ಚಿಕ್ಕಜಾಜೂರಿಗೆ ಹೋಗಾಣ. ಹುಚ್ಚ ಅಲ್ಲ ಅಂತ ನೀನೇ ಹೇಳು."

ಹೇಳಬಲ್ಲೆ. ಆದರೆ ಅವತ್ತು ಕೂಡಿ ನೋಡಿದ್ಯೇನಪ್ಪ ಎಂದು ಆಯಮ್ಮ ಕೇಳಿದರೆ?