ಕಾರ್ಡಕ್ಕನ ಕೆಂಪು ಚುಕ್ಕೆ

ಊರಿನ ಫೋಟೋಗ್ರಾಫರುಗಳೆಲ್ಲ ಆಕೆಯನ್ನು ಕಾರ್ಡಕ್ಕ ಎಂದೇ ಕರೆಯುತ್ತಿದ್ದರು. ಅಂಗಡಿ ಒಂದು ಕಟ್ಟಡದ ಮೆಟ್ಟಿಲ ಕೆಳಗಿತ್ತು. ಇಬ್ಬರು ಗಿರಾಕಿಗಳು ಒಟ್ಟಿಗೆ ಬಂದರೆ ಒಬ್ಬ ಫುಟ್‌ಪಾತಿನಲ್ಲಿ ನಿಂತೇ ವ್ಯಾಪಾರ ಮುಗಿಸಬೇಕು. ಮಾರುತ್ತಿದ್ದದ್ದು ಮೆಮೊರಿ ಕಾರ್ಡು, ಬ್ಯಾಟರಿ, ಲೆನ್ಸ್ ಒರೆಸುವ ಬಟ್ಟೆ. ಕ್ಯಾಮೆರಾ ಇಟ್ಟಿರಲಿಲ್ಲ. ಕ್ಯಾಮೆರಾ ಕೊಂಡವನು ಮತ್ತೆ ಮುಖ ತೋರಿಸುವುದು ಯಾವ ಕಾಲಕ್ಕೋ, ಕಾರ್ಡು ಕೊಂಡವನು ಬರುತ್ತಲೇ ಇರುತ್ತಾನೆ ಎನ್ನುವುದು ಆಕೆಯ ಲೆಕ್ಕ.

ಬಂದವರನ್ನು ಸುಮ್ಮನೆ ಕಳಿಸುವ ಜಾಯಮಾನವೂ ಅಲ್ಲ. ತೆಗೆಯುವುದು ಫೋಟೋನೋ ವಿಡಿಯೋನೋ ಎಂದು ಮೊದಲು ವಿಚಾರಣೆ. ಆಮೇಲೆ ಪಾಠ: ಕವರಿನ ಮೇಲೆ ದಪ್ಪಕ್ಕೆ ಬರೆದಿರುವುದು ಓದುವ ವೇಗ, ನಿನಗೆ ಬೇಕಾದದ್ದು ಬರೆಯುವ ವೇಗ, ಅದನ್ನು ಇರುವೆ ಸಾಲಿನಂಥ ಅಕ್ಷರದಲ್ಲಿ ಮುಚ್ಚಿಟ್ಟಿರುತ್ತಾರೆ, ಹೆಣ್ಣು ನೋಡಲು ಹೋದವರು ಹುಡುಗನ ಸಂಬಳದ ವಿಷಯ ಹೇಳುವ ಹಾಗೆ. ಗಿರಾಕಿ ನಕ್ಕು, ಒಂದು ಬ್ಯಾಟರಿಯನ್ನೂ ಸೇರಿಸಿ ಕೊಂಡು ಹೋಗುತ್ತಿದ್ದ.

ದೊಡ್ಡ ಕಾರ್ಡುಗಳ ವಿಷಯದಲ್ಲಿ ಆಕೆಗೆ ಒಂದು ಹಟವಿತ್ತು. ಹೊಟ್ಟೆ ತುಂಬಿಸಿ ನೋಡದೆ ಮಾರುತ್ತಿರಲಿಲ್ಲ. ಖೋಟಾ ಕಾರ್ಡಿನ ಸ್ವಭಾವವೇ ಹಾಗೆ; ಮೈಮೇಲೆ ಐನೂರ ಹನ್ನೆರಡು ಜಿಬಿ ಎಂದು ಬರೆದಿರುತ್ತದೆ, ಒಳಗಿರುವುದು ಅರವತ್ತನಾಲ್ಕು. ಕ್ಯಾಮೆರಾ ಕೇಳಿದರೂ ಐನೂರ ಹನ್ನೆರಡು ಎಂದೇ ಸಾಧಿಸುತ್ತದೆ. ಅರವತ್ತನಾಲ್ಕು ತುಂಬುವ ತನಕ ಸಾಕ್ಷಾತ್ ಹರಿಶ್ಚಂದ್ರ. ಆಮೇಲೆ ಹಾಕಿದ ಫೋಟೋಗಳ ಹೆಸರು ಮಾತ್ರ ಇರುತ್ತದೆ, ಫೋಟೋ ಇರುವುದಿಲ್ಲ. ಆದ್ದರಿಂದ ಆಕೆ ಸೀಲು ಒಡೆದು, ಹಳೆಯ ವಿಡಿಯೋಗಳನ್ನೆಲ್ಲ ಕಂಠಮಟ್ಟ ತುರುಕಿ, ಕೊನೆಯದನ್ನು ತೆರೆದು ನೋಡಿ, ಎಲ್ಲ ಅಳಿಸಿ, ಬೆನ್ನಿಗೆ ಕೆಂಪು ಉಗುರುಬಣ್ಣದ ಒಂದು ಚುಕ್ಕೆ ಇಡುತ್ತಿದ್ದಳು. ಒಂದು ಕಾರ್ಡಿಗೆ ಅರ್ಧ ದಿನ ಹಿಡಿಯುತ್ತಿತ್ತು. ಅವಸರದವರು ಗೊಣಗಿದರೆ ಆಕೆ ಹೇಳುವ ಮಾತು ಒಂದೇ: ಅನ್ನ ಬೆಂದಿದೆಯೋ ಇಲ್ಲವೋ ನೋಡಲು ಒಂದು ಅಗುಳು ಸಾಕು, ಕಾರ್ಡಿಗೆ ಪಾತ್ರೆಯನ್ನೇ ಬರಿದು ಮಾಡಬೇಕು. ಮೊದಮೊದಲು ಸೀಲು ಒಡೆದ ಮಾಲು ಎಂದು ಮೂಗು ಮುರಿದವರೇ ಬರಬರುತ್ತ ಚುಕ್ಕೆ ಇಲ್ಲದ್ದನ್ನು ಮುಟ್ಟದಾದರು.

ಆಕೆಯ ತಮ್ಮನೂ ಫೋಟೋಗ್ರಾಫರ್. ಅವನು ಮಾತ್ರ ಅಕ್ಕನ ದೊಡ್ಡ ಕಾರ್ಡಿಗೆ ಒಲಿದಿರಲಿಲ್ಲ. ಸಣ್ಣ ಸಣ್ಣ ಕಾರ್ಡುಗಳನ್ನು ಜೇಬಿನಲ್ಲಿ ಹಾಕಿಕೊಂಡು, ಹಿಂದಿನ ಕಾಲದ ರೀಲು ಬದಲಿಸುವವರ ಹಾಗೆ ಬದಲಿಸುತ್ತಿದ್ದ. ಒಂದು ಹೋದರೂ ಉಳಿದದ್ದು ಉಳಿಯುತ್ತದೆ ಎನ್ನುವುದು ಅವನ ವಾದ. ಜೇಬಿನಲ್ಲಿದ್ದ ಒಂದು ಕಾರ್ಡು ಅಂಗಿಯ ಜೊತೆ ವಾಷಿಂಗ್ ಮೆಷಿನ್ನಿಗೆ ಹೋದ ಮೇಲೆ ಆ ವಾದಕ್ಕೆ ಬಲ ಇಲ್ಲದಾಯಿತು. ಅಕ್ಕ ಬಿಡಲಿಲ್ಲ. ಬುಗುರಿ ಆಡುವ ಹುಡುಗನ ಹಾಗೆ ಜೇಬು ತುಂಬಿಕೊಂಡು ತಿರುಗಬೇಡ, ಕ್ಯಾಮೆರಾದಲ್ಲಿ ಒಂದು ಒಳ್ಳೆಯದನ್ನು ಹಾಕಿ ಮರೆತುಬಿಡು ಎಂದು ದಿನಾ ಚುಚ್ಚಿ ಚುಚ್ಚಿ ಒಪ್ಪಿಸಿದಳು.

ಅವನು ಒಪ್ಪಿಕೊಂಡು ಬಂದದ್ದು ಮದುವೆ ಸೀಸನ್ನಿನ ನಡುವೆ. ಹತ್ತು ವರ್ಷದಿಂದ ಮಾಲು ಕೊಡುತ್ತಿದ್ದವನ ಪೆಟ್ಟಿಗೆ ಆಗಷ್ಟೇ ಬಂದಿತ್ತು. ಎರಡನ್ನು ತುಂಬಿಸಿ ನೋಡಿದಳು, ಬಂಗಾರದಂಥವು. ಹಳೆಯ ಮನುಷ್ಯ, ಒಂದೇ ಪೆಟ್ಟಿಗೆ, ಒಂದೇ ಸೀಲು. ಉಗುರುಬಣ್ಣದ ಬಾಟಲಿಯ ಮುಚ್ಚಳ ಹೇಗೂ ತೆರೆದಿತ್ತು. ಉಳಿದವಕ್ಕೂ ಚುಕ್ಕೆ ಇಟ್ಟು, ಅವುಗಳಲ್ಲೊಂದನ್ನು ತಮ್ಮನ ಕೈಗೆ ಕೊಟ್ಟುಬಿಟ್ಟಳು. ಅಗುಳಿನ ಮಾತು ಪರರಿಗೆ ಹೇಳುವುದಕ್ಕೆ.

ಭಾನುವಾರ ಬಿಡುವಿತ್ತು. ಮನಸ್ಸಿನ ಮೂಲೆಯಲ್ಲಿ ಏನೋ ಕೊರೆಯುತ್ತಿದ್ದುದರಿಂದ, ಚುಕ್ಕೆ ಇಟ್ಟ ಉಳಿದವುಗಳಲ್ಲಿ ಒಂದನ್ನು ತುಂಬಿಸಿದಳು. ಅರವತ್ತನಾಲ್ಕು ದಾಟಿದ ಮೇಲಿನ ಯಾವ ವಿಡಿಯೋವೂ ತೆರೆಯಲಿಲ್ಲ. ಇನ್ನೊಂದು ಹಾಕಿದಳು, ಅದೂ ಹಾಗೆಯೇ. ಮೇಲಿನ ಸಾಲು ಮಾತ್ರ ಅಸಲಿ, ಕೆಳಗಿನದೆಲ್ಲ ಖೋಟಾ. ಆ ಪೆಟ್ಟಿಗೆಯಿಂದ ಹೊರಗೆ ಹೋಗಿದ್ದದ್ದು ಒಂದೇ ಒಂದು ಕಾರ್ಡು, ತಮ್ಮನದು. ತಮ್ಮ ಆ ಹೊತ್ತಿಗೆ ಒಬ್ಬ ಅಜ್ಜಿಯ ತೊಂಬತ್ತನೆಯ ಹುಟ್ಟುಹಬ್ಬದ ಫೋಟೋ ತೆಗೆಯುತ್ತಿದ್ದ. ಕೆಲಸದಲ್ಲಿದ್ದಾಗ ಅವನ ಫೋನು ಸ್ವಿಚ್ ಆಫ್.

ಆಕೆ ಶಟರ್ ಎಳೆದು ಸ್ಕೂಟರ್ ಹತ್ತಿದಳು. ದಾರಿಯುದ್ದಕ್ಕೂ ತಲೆಯಲ್ಲಿ ಓಡುತ್ತಿದ್ದದ್ದು ಆ ಹುಟ್ಟುಹಬ್ಬದ ಕಥೆ. ಹಿಂದಿನ ರಾತ್ರಿ ಊಟದ ಹೊತ್ತಿಗೆ ತಮ್ಮನೇ ಹೇಳಿದ್ದ. ಅಜ್ಜಿಗೆ ಇಬ್ಬರು ಗಂಡುಮಕ್ಕಳು. ಮನೆ ಭಾಗವಾದಂದಿನಿಂದ ಮಾತಿಲ್ಲ. ಒಬ್ಬ ಏರಿಗೆ, ಇನ್ನೊಬ್ಬ ನೀರಿಗೆ. ಅಜ್ಜಿ ಈ ಸಲ ಉಡುಗೊರೆ ಏನೂ ಬೇಡ ಎಂದು, ಇಬ್ಬರೂ ತನ್ನ ಹಿಂದೆ ನಿಂತ ಒಂದು ಫೋಟೋ ಮಾತ್ರ ಕೇಳಿದ್ದಳು. ಅದಕ್ಕಾಗಿಯೇ ಹಾಲ್, ಅದಕ್ಕಾಗಿಯೇ ನೆಂಟರು.

ಮೊದಲ ಮಹಡಿಯ ಹಾಲಿಗೆ ಏದುಸಿರು ಬಿಡುತ್ತ ಹತ್ತಿದಾಗ ಜನ ಊಟಕ್ಕೆ ಕೂತಿದ್ದರು. ತಮ್ಮ ಕಿಟಕಿಯ ಹತ್ತಿರ ಲೆನ್ಸ್ ಬದಲಿಸುತ್ತ, ಗೆದ್ದವನ ಮುಖದಲ್ಲಿ ನಿಂತಿದ್ದ. ಅಣ್ಣತಮ್ಮಂದಿರು ನಿಂತದ್ದು ಮಾತ್ರವಲ್ಲ, ಸ್ವಲ್ಪ ಹತ್ತಿರ ಬನ್ನಿ ಎಂದಾಗ ದೊಡ್ಡವರು ಚಿಕ್ಕವರ ಹೆಗಲ ಮೇಲೆ ಕೈಯನ್ನೂ ಹಾಕಿದರು, ಅರ್ಧ ಹಾಲ್ ಕಣ್ಣು ಒರೆಸಿಕೊಂಡಿತು ಎಂದು ಶುರು ಮಾಡಿದ. ಆಕೆ ಪೂರ್ತಿ ಹೇಳಲು ಬಿಡಲಿಲ್ಲ.

"ಆ ಫೋಟೋ ಒಂದ್ಸಲ ತೆಗೆದು ತೋರ್ಸು."

"ತೆಗೆದಾಗ ನೋಡಿದೀನಿ ಅಕ್ಕ. ಸ್ಕ್ರೀನ್ ಮೇಲೆ ಬಂತು, ಚೆನ್ನಾಗೇ ಇತ್ತು."

"ಅದು ಕ್ಯಾಮೆರಾದ ನೆನಪು ಕಣೋ. ಕಾರ್ಡಿಂದು ನೋಡು."

ಅವನು ಗುಂಡಿ ಒತ್ತುತ್ತ ಹಿಂದೆ ಹೋದ. ಬೂದು ಚೌಕ. ಮತ್ತೊಂದು ಬೂದು ಚೌಕ. ನೆಂಟರು ಒಳಗೆ ಬರುತ್ತಿರುವ ಫೋಟೋಗಳು ಇದ್ದವು, ಬೆಳಿಗ್ಗೆಯ ವಿಡಿಯೋ ಇತ್ತು, ಮೊಮ್ಮಕ್ಕಳ ಕಪಿಚೇಷ್ಟೆ ಎಲ್ಲ ಇತ್ತು. ಅಲ್ಲಿಂದ ಮುಂದೆ ಏನೂ ಇರಲಿಲ್ಲ.

ಇಷ್ಟು ಜನರ ಕೈಯಲ್ಲಿ ಫೋನಿದೆಯಲ್ಲ, ಯಾರಾದರೂ ತೆಗೆದಿರುತ್ತಾರೆ ಎಂದು ಆಕೆ ಸುತ್ತ ನೋಡಿದಳು. ತಮ್ಮ ತಲೆ ಅಲ್ಲಾಡಿಸಿದ. ಗುಂಪು ಫೋಟೋ ತೆಗೆಯುವಾಗ ಅವನದೊಂದು ಕ್ರಮವಿತ್ತು: ಎಲ್ಲರ ಕಣ್ಣೂ ಒಂದೇ ಕಡೆ ಇರಬೇಕು, ಅದಕ್ಕೆ ಫೋನುಗಳನ್ನೆಲ್ಲ ಕೆಳಗಿಳಿಸಿಯೇ ಕ್ಲಿಕ್ ಮಾಡುತ್ತಿದ್ದ. ಇವತ್ತು ಒಬ್ಬ ಅಳಿಯ ಕದ್ದು ಎತ್ತಿದ್ದನಂತೆ. ಅವನನ್ನೂ ಗದರಿ ಇಳಿಸಿದ್ದ.

ತಮ್ಮ ಕ್ಯಾಮೆರಾ ಆಫ್ ಮಾಡಿ ದನಿ ತಗ್ಗಿಸಿದ.

"ಈಗೇನೂ ಹೇಳೋದು ಬೇಡ. ಒಂದು ವಾರ ಬಿಟ್ಟು, ಕಂಪ್ಯೂಟರ್ ಕೈ ಕೊಡ್ತು, ರಿಕವರಿ ಆಗ್ಲಿಲ್ಲ ಅಂದ್ರಾಯ್ತು. ನಿನ್ನ ಹೆಸ್ರೂ ಉಳಿಯುತ್ತೆ, ನಂದೂ ಉಳಿಯುತ್ತೆ."

ವ್ಯಾಪಾರದ ದೃಷ್ಟಿಯಿಂದ ಇದರಲ್ಲಿ ತಪ್ಪು ಹುಡುಕುವುದು ಕಷ್ಟ. ಆದರೆ ವಾರ ಕಳೆದ ಮೇಲೆ ಆ ಇಬ್ಬರನ್ನು ಒಂದೇ ಸೂರಿನ ಕೆಳಗೆ ತರುವವರು ಯಾರು? ಈಗಲಾದರೆ ಒಬ್ಬರು ಆ ತುದಿಯಲ್ಲಿ, ಒಬ್ಬರು ಈ ತುದಿಯಲ್ಲಿ ಊಟ ಮಾಡುತ್ತಿದ್ದಾರೆ. ಕೈ ತೊಳೆದರೆ ಮುಗಿಯಿತು. ಆಕೆ ನೇರವಾಗಿ ಅಜ್ಜಿಯ ಕುರ್ಚಿಯ ಪಕ್ಕಕ್ಕೆ ಹೋಗಿ ಕುಕ್ಕರಿಸಿದಳು. ಕಾರ್ಡು ತನ್ನ ಅಂಗಡಿಯದು, ನೋಡದೆ ಕೊಟ್ಟವಳು ತಾನು, ಹುಡುಗನದೇನೂ ತಪ್ಪಿಲ್ಲ ಎಂದು ಉಗುಳು ನುಂಗದೆ ಹೇಳಿ ಮುಗಿಸಿದಳು. ಇನ್ನೊಮ್ಮೆ ನಿಲ್ಲಿಸಬಹುದೇ ಎಂದು ಕೇಳಿದಳು.

ಅಜ್ಜಿ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

"ನಾನು ಒಂದ್ಸಲ ಕರೆದೆ ಮಗಳೇ. ನನ್ನ ಮಾತು ಅಷ್ಟಕ್ಕೇ ಖರ್ಚಾಯ್ತು. ನೀನೇ ಕೇಳಿ ನೋಡು."

ದೊಡ್ಡವರು ಬೇಸಿನ್ ಹತ್ತಿರ ಕೈ ತೊಳೆಯುತ್ತಿದ್ದರು. ವಿಷಯ ಕೇಳಿ, ಕೈಯನ್ನು ನಿಧಾನವಾಗಿ ಒರೆಸಿಕೊಂಡು, ಅಮ್ಮನಿಗಾಗಿ ನಿಂತದ್ದಾಯಿತು, ನಿಮ್ಮ ಕಾರ್ಡಿಗಾಗಿ ನಿಲ್ಲುವುದಿಲ್ಲ ಎಂದರು. ಚಿಕ್ಕವರು ಇನ್ನೂ ಎಲೆಯ ಮುಂದೆಯೇ ಇದ್ದರು. ಅವರದು ಬೇರೆ ರಾಗ: ಅಣ್ಣ ನಿಲ್ಲುವುದಾದರೆ ತನ್ನದೇನೂ ಅಡ್ಡಿಯಿಲ್ಲ, ಆದರೆ ಮೊದಲು ತಾನು ಹೋಗಿ ನಿಲ್ಲುವವನಲ್ಲ.

ಹಟದ ಗಿರಾಕಿಗಳನ್ನು ಒಪ್ಪಿಸಿಯೇ ಆಕೆಯ ತಲೆ ಅರ್ಧ ನೆರೆತಿತ್ತು. ಇಂಥ ಹೊತ್ತಿನಲ್ಲಿ ಹೇಳುವ ಮಾತನ್ನು ವ್ಯಾಪಾರದಲ್ಲಿ ಸುಳ್ಳು ಎನ್ನುವುದಿಲ್ಲ, ನಾಳೆಯ ನಿಜವನ್ನು ಇವತ್ತೇ ಮುಂಗಡವಾಗಿ ಕೊಟ್ಟದ್ದು ಎನ್ನುತ್ತಾರೆ. ಚಿಕ್ಕವರ ಕಿವಿಯ ಹತ್ತಿರ ಬಗ್ಗಿದಳು.

"ಅಣ್ಣಾವ್ರು ಒಪ್ಕೊಂಡ್ರು ಸಾರ್. ತಮ್ಮ ಬರ್ಲಿ, ಕಾಯ್ತಿರ್ತೀನಿ ಅಂದ್ರು."

ಅರ್ಧ ಊಟ ಬಿಟ್ಟು ಅವರು ಎದ್ದ ರೀತಿ ನೋಡಿ ಆಕೆಗೆ ತಾನು ಹೇಳಿದ್ದರ ತೂಕ ಗೊತ್ತಾಯಿತು. ಅರವತ್ತು ದಾಟಿದ ಮನುಷ್ಯ, ಕೂದಲು ಸರಿಮಾಡಿಕೊಂಡರು. ಆದರೆ ಹೊರಟ ಗಾಡಿ, ನಿಲ್ಲಿಸುವ ಹಾಗಿರಲಿಲ್ಲ. ದೊಡ್ಡವರ ಬಳಿಗೆ ಓಡಿ, ತಮ್ಮನವರು ಊಟ ಬಿಟ್ಟು ಬಂದು ನಿಂತಿದ್ದಾರೆ, ಅಮ್ಮ ನೋಡುತ್ತಿದ್ದಾರೆ ಎಂದಳು. ಇದರಲ್ಲಿ ಸುಳ್ಳಿರಲಿಲ್ಲ. ಎಲ್ಲರೂ ನೋಡುತ್ತಿರುವಾಗ ಅವರೂ ಬಂದರು.

ತಮ್ಮ ಸಣ್ಣ ಕಾರ್ಡು ಹಾಕಿಕೊಂಡು ಸಿದ್ಧನಾಗಿದ್ದ. ಅಜ್ಜಿಯ ಕುರ್ಚಿಯ ಹಿಂದೆ ಇಬ್ಬರೂ ಸೇರಿದಾಗ, ಚಿಕ್ಕವರು ಅಣ್ಣನ ಕಡೆ ತಿರುಗಿ, ಎಷ್ಟೋ ವರ್ಷದಿಂದ ಗಂಟಲಲ್ಲಿ ಇಟ್ಟುಕೊಂಡದ್ದನ್ನು ಇಳಿಸುವವರ ಹಾಗೆ ಹೇಳಿದರು:

"ನೀನೇ ಕರೆದೆಯಂತೆ. ಸಂತೋಷ ಆಯ್ತಣ್ಣ."

"ನಾನ್ಯಾಕೆ ಕರೀಲಿ? ನಾನ್ಯಾರಿಗೂ ಹೇಳಿ ಕಳಿಸಿಲ್ಲ."

ದೊಡ್ಡವರು ಅದನ್ನು ಸಿಟ್ಟಿನಿಂದ ಹೇಳಲಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಚಿಕ್ಕವರು ಒಮ್ಮೆ ಕಾರ್ಡಕ್ಕನ ಕಡೆ ನೋಡಿ ಮುಖವನ್ನು ಮುಂದಕ್ಕೆ ತಿರುಗಿಸಿಕೊಂಡರು. ಸ್ವಲ್ಪ ಹತ್ತಿರ ಬನ್ನಿ ಎನ್ನುವ ಧೈರ್ಯ ತಮ್ಮನಿಗೂ ಬರಲಿಲ್ಲ. ಇಬ್ಬರ ನಡುವೆ ಇನ್ನೊಬ್ಬರು ಆರಾಮಾಗಿ ನಿಲ್ಲುವಷ್ಟು ಜಾಗ ಹಾಗೆಯೇ ಉಳಿಯಿತು. ಕ್ಲಿಕ್ ಆದ ಮರುಕ್ಷಣ ಒಬ್ಬರು ಬಾಗಿಲಿನ ಕಡೆ, ಒಬ್ಬರು ಆರಿದ ಊಟದ ಕಡೆ ನಡೆದರು.

ಅಜ್ಜಿ ಕ್ಯಾಮೆರಾ ಕೇಳಿ ಇಸಕೊಂಡು ಸ್ಕ್ರೀನನ್ನು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದಳು.

"ಆಗ ದೊಡ್ಡವನ ಕೈ ಇವನ ಹೆಗಲ ಮೇಲಿತ್ತಲ್ವೇನಪ್ಪಾ? ಬೆನ್ನ ಹಿಂದೆ ಅಲ್ವಾ, ನನಗೆ ಕಾಣ್ಲಿಲ್ಲ."

"ಇತ್ತಜ್ಜಿ," ಎಂದ ತಮ್ಮ.

"ಇರ್ಲಿ. ಇದನ್ನೇ ದೊಡ್ಡದು ಮಾಡಿಸಿ, ಗಾಜು ಹಾಕಿಸಿ ಕೊಡಿ. ಮನೇಲಿ ಇವರು ಇರೋದು ಹೀಗೇ. ಬಂದವರು ಗುರುತು ಹಿಡೀತಾರೆ."

ಅಷ್ಟು ಹೇಳಿ ಅಜ್ಜಿ ಕ್ಯಾಮೆರಾ ವಾಪಸು ಕೊಟ್ಟಳು. ಚಿಕ್ಕವರು ಎಲೆಯ ಮುಂದೆ ಕೂತಿದ್ದರು, ಉಣ್ಣುತ್ತಿರಲಿಲ್ಲ. ಅವರ ಹತ್ತಿರ ಹೋಗಬೇಕು, ಸುಳ್ಳು ನನ್ನದು, ನಿಮ್ಮ ಅಣ್ಣನದಲ್ಲ ಎನ್ನಬೇಕು ಎಂದು ಕಾರ್ಡಕ್ಕ ಎರಡು ಹೆಜ್ಜೆ ಇಟ್ಟಳು. ಅವರು ತಲೆ ಎತ್ತದೆ, ಎಡಗೈಯಿಂದ ಪಕ್ಕದ ಖಾಲಿ ಕುರ್ಚಿಯನ್ನು ಮೇಜಿನ ಅಡಿಗೆ ತಳ್ಳಿದರು.