ಟ್ಯೂಬಿನಲ್ಲಿ ಮಳೆಗಾಲ

ನಮ್ಮವರ ಅಂಗಿ ಜೇಬಿನಲ್ಲಿ ಯಾವಾಗಲೂ ಬೆಂಕಿಪೊಟ್ಟಣ ಇರುತ್ತಿತ್ತು. ಮದುವೆಯಾದ ಹೊಸತರಲ್ಲಿ ಬೀಡಿ ಸೇದುತ್ತಾರೆಂದುಕೊಂಡು ಮಾತು ಬಿಟ್ಟಿದ್ದೆ. ಆಮೇಲೆ ತಿಳಿಯಿತು, ಅದು ಪಾಠಕ್ಕೆ ಎಂದು. ಬಾಳೂರು ಕಡೆಯ ಒಂದು ಹೈಸ್ಕೂಲಿನಲ್ಲಿ ಅವರು ವಿಜ್ಞಾನದ ಮೇಷ್ಟ್ರು. ನೀರಿಗೆ ಕರೆಂಟು ಹಾಯಿಸಿ, ಬಂದ ಜಲಜನಕವನ್ನು ಶೀಶೆಯಲ್ಲಿ ಹಿಡಿದು, ಅದರ ಬಾಯಿಗೆ ಉರಿಯುವ ಕಡ್ಡಿ ತೋರಿಸುವರು. 'ಟಪ್' ಎಂದರೆ ಮಕ್ಕಳಿಗಿಂತ ಮೊದಲು ಅವರೇ ನಗುವರು. ಶಬ್ದ ಬರದಿದ್ದರೆ, "ಹೋಗ್ಲಿ, ಗೊತ್ತಾಯ್ತಲ್ಲ," ಎನ್ನುವರು.

ಒಂದು ಆಷಾಢದಲ್ಲಿ ಮಕ್ಕಳನ್ನು ಕಟ್ಟಿಕೊಂಡು ಕಾಫಿ ಎಸ್ಟೇಟಿನ ಹಳ್ಳಕ್ಕೆ ಮರದ ಚಕ್ರ, ಜೀಪಿನ ಹಳೇ ಡೈನಮೊ ಕೂರಿಸಿದರು. ಬಲ್ಬು ಚೆನ್ನಾಗಿ ಉರಿಯಿತು. ಜನವರಿಯಲ್ಲಿ ವಿಜ್ಞಾನ ಮೇಳದವರು ನೋಡಲು ಬಂದಾಗ ಚಕ್ರ ಅಲ್ಲಾಡಲಿಲ್ಲ. ಎಸ್ಟೇಟಿನ ಲೆಕ್ಕ ಬರೆಯುವ ರೈಟರು ಬೇಲಿಯಾಚೆ ನಿಂತು ನಕ್ಕರು.

"ಕಾಫಿ ಕುಯ್ಲಲ್ಲಿ ಹಳ್ಳದ ನೀರೆಲ್ಲ ಹಣ್ಣು ಸುಲಿಯೋ ಪಲ್ಪರಿಗೆ ಅಲ್ವಾ ಮೇಷ್ಟ್ರೇ? ಹಣ್ಣು ತೊಳೆದ ನೀರು ಬಿಡ್ಲಾ ನಿಮ್ಮ ಚಕ್ರಕ್ಕೆ?"

ಮನೆಗೆ ಬಂದ ನಮ್ಮವರು ಊಟಕ್ಕೂ ಕೂರಲಿಲ್ಲ. "ಹೋಗ್ಲಿ, ಗೊತ್ತಾಯ್ತಲ್ಲ. ಮಳೆಗಾಲದ ಕರೆಂಟಲ್ಲಿ ಜಲಜನಕದ ಗ್ಯಾಸ್ ಮಾಡಿ, ಬೇಸಿಗೆಗೆ ಎತ್ತಿಟ್ರೆ?"

"ಉಪ್ಪಿನಕಾಯಿ ಥರಾನಾ?"

"ಅದೇ ಮಾರಾಯ್ತಿ, ಅದೇ!"

ಮುಂದಿನ ಮಳೆಗಾಲ, ಒಲೆಯ ಹತ್ತಿರ ಬೇಡವೆಂದು, ಕೊಟ್ಟಿಗೆಯ ತುಂಬ ಗ್ಯಾಸು ತುಂಬಿದ ಸೈಕಲ್ ಟ್ಯೂಬುಗಳು ತೂಗಿದವು. ಬೇಸಿಗೆಯ ಹೂಮಳೆಗೆ ಕಾಫಿ ಹೂವಾಗುವಷ್ಟರಲ್ಲಿ ಎಲ್ಲವೂ ಚಪ್ಪಟೆ. ಆ ಗ್ಯಾಸು ರಬ್ಬರಿನಲ್ಲೂ ನುಸುಳಿ ಹೋಗುತ್ತದಂತೆ. ವರ್ಷವರ್ಷವೂ ಹೊಸ ಮಕ್ಕಳು, ಹೊಸ ಟ್ಯೂಬು, ಅದೇ "ಹೋಗ್ಲಿ, ಗೊತ್ತಾಯ್ತಲ್ಲ."

ಕೊನೆಯ ಮಳೆಗಾಲದ ಹೊತ್ತಿಗೆ ಅವರ ಎರಡೂ ಕಿಡ್ನಿ ಕೆಟ್ಟಿದ್ದವು. ಹಳ್ಳಕ್ಕೆ ಇಳಿಯಲಾರರು. ಮಕ್ಕಳೇ ಗಾಜಿನ ಶೀಶೆಯಲ್ಲಿ ಗ್ಯಾಸು ಹಿಡಿದು, ಬಿರಡೆಗೆ ಮೇಣ ಬಳಿದು ತಂದರು. ಮಂಚದಿಂದ ಕಾಣುವ ಹಾಗೆ ಅದನ್ನು ಗೂಡಿನಲ್ಲಿ ಇಡಿಸಿಕೊಂಡರು.

"ಹೂಮಳೆ ಬೀಳೋ ತನಕ ಯಾರೂ ಮುಟ್ಟಬೇಡಿ. ಇದೊಂದು ಉಳಿದ್ರೆ ಸಾಕು."

"ಮೊದಲು ನೀವು ಉಳೀರಿ," ಎಂದೆ. ಅವರು ಶೀಶೆಯನ್ನೇ ನೋಡುತ್ತಿದ್ದರು.

ದೀಪಾವಳಿಗೆ ಮುಂಚೆ ಹೋಗಿಬಿಟ್ಟರು. ಶೀಶೆಯ ಧೂಳನ್ನೂ ನಾನು ಒರೆಸಲಿಲ್ಲ.

ಹೂಮಳೆ ಬಿದ್ದ ಮರುದಿನ ಮಕ್ಕಳು ಬಂದರು. ಜೀಪ್ ಮೆಕ್ಯಾನಿಕ್ಕನ ಮಗಳು ಶಾಹಿದಾ ಮೇಣ ಕೆರೆದು, "ಅಮ್ಮ, ನೀವೇ ಗೀರಿ," ಎಂದಳು. ಅವರ ಅಂಗಿಯ ಜೇಬಿನಲ್ಲಿದ್ದ ಪೊಟ್ಟಣ ತಂದೆ. ಅವಳು ಬಿರಡೆ ತೆಗೆದಳು, ನಾನು ಕಡ್ಡಿ ಹಿಡಿದೆ.

ಶಬ್ದ ಬರಲಿಲ್ಲ. ಕಡ್ಡಿ ಬೆರಳ ತನಕ ಉರಿದು ಆರಿತು.

ಮಕ್ಕಳು ನನ್ನ ಮುಖವನ್ನೇ ನೋಡುತ್ತ ನಿಂತರು. ಯಾವ ಮಾತಿಗೆ ಕಾಯುತ್ತಿದ್ದಾರೆಂದು ನನಗೆ ಗೊತ್ತಿತ್ತು. ಹೇಳಲು ಬಾಯಿ ತೆರೆದೆ. ಆಗಲಿಲ್ಲ.