ಎಂಜಲಾಗದ ಸೌಟು

ತಾನು ಬೇಯಿಸಿದ್ದರ ರುಚಿ ಅಡುಗೆ ಮಾಡಿದವಳಿಗೆ ಎಲ್ಲರಿಗಿಂತ ಕೊನೆಯಲ್ಲಿ ತಿಳಿಯಬೇಕೆಂಬ ನಿಯಮವನ್ನು ನಿಮ್ಮ ಮನೆಯಲ್ಲಿ ಯಾರು ಮಾಡಿದರು?

ನಮ್ಮ ಮನೆಯಲ್ಲಿ ಯಾರೂ ಮಾಡಿರಲಿಲ್ಲ. ಆದರೂ ಅದು ನಡೆದುಕೊಂಡು ಬಂದಿತ್ತು. ಗೂಡಲೂರಿನ ನಮ್ಮ ಅಡುಗೆಮನೆಯಲ್ಲಿ ಸಾರು ಕುದಿಯುವಾಗ ಅಮ್ಮ ಬಗ್ಗಿ ವಾಸನೆ ನೋಡುತ್ತಿದ್ದಳೇ ಹೊರತು, ಒಂದು ಹನಿಯನ್ನೂ ಅಂಗೈಗೆ ಬಿಟ್ಟುಕೊಂಡವಳಲ್ಲ. ಬಡಿಸುವ ಮುನ್ನ ಬಾಯಿಗಿಟ್ಟರೆ ಪಾತ್ರೆಯೆಲ್ಲ ಎಂಜಲು. ಅಪ್ಪನಿಗೆ ಬಡಿಸಿ, ಬಾಗಿಲಿಗೆ ಒರಗಿ ನಿಂತು, "ಉಪ್ಪು ಹೇಗಿದೆ?" ಎಂದು ಕೇಳುವಳು. ಅಪ್ಪ ಪತ್ರಿಕೆಯಿಂದ ತಲೆಯೆತ್ತದೆ "ಹೂಂ" ಎನ್ನುವರು. ತನ್ನ ಕೈಕೆಲಸದ ಬಗ್ಗೆ ಅವಳಿಗೆ ಸಿಗುತ್ತಿದ್ದ ತೀರ್ಪು ಅಷ್ಟೇ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಸ್ತ್ರೀಯರ ಹಕ್ಕುಗಳ ಪರವಾಗಿ ಮಾತನಾಡಿ ನಾನು ಗೆದ್ದು ತಂದ ಕಪ್ಪುಗಳ ಧೂಳನ್ನೂ ಅವಳೇ ಒರೆಸುತ್ತಿದ್ದಳು.

ತೊಂಬತ್ತರ ದಶಕದ ಕೊನೆಯ ಒಂದು ಬೇಸಿಗೆ ರಜೆಯಲ್ಲಿ ಅವಳೊಬ್ಬಳನ್ನೇ ಊಟಿಗೆ ಕರೆದೊಯ್ದೆ. ನಾವು ಉಳಿದುಕೊಂಡ ಹೋಟೆಲಿನಲ್ಲಿ ಅತಿಥಿಗಳಿಗಾಗಿ ಥಾಯ್ ಅಡುಗೆಯ ತರಗತಿ ನಡೆಯುತ್ತಿತ್ತು. ಕಲಿಸುವವರು ನೀಲಗಿರಿಯದೇ ಹಳ್ಳಿಯಾದ ಹುಬ್ಬತಲೈಯ, ಬಡಗ ಸಮುದಾಯದವರು. ಬ್ಯಾಂಕಾಕಿನ ಹೋಟೆಲೊಂದರಲ್ಲಿ ಕೆಲವು ವರ್ಷ ಒಲೆಯ ಮುಂದೆ ನಿಂತು ಬಂದವರು. ಹುಳಿ, ಉಪ್ಪು, ಖಾರ, ಸಿಹಿ ನಾಲ್ಕನ್ನೂ ನಾಲಿಗೆಯಿಂದ ಮತ್ತೆ ಮತ್ತೆ ನೋಡಿಯೇ ಹೊಂದಿಸಬೇಕು, ಅಳತೆ ನಂಬಿದರೆ ಕೆಟ್ಟಿತು ಎಂದು ಅವರು ಮೊದಲೇ ಹೇಳಿದರು. ನಾನು ಇಬ್ಬರ ಹೆಸರನ್ನೂ ಕೊಟ್ಟದ್ದು ಆ ಒಂದು ಮಾತಿಗಾಗಿ. ಇಲ್ಲಿ ನೈವೇದ್ಯವಿಲ್ಲ, ತಟ್ಟೆಯ ಮುಂದೆ ಕಾದು ಕುಳಿತ ಗಂಡಸರಿಲ್ಲ. ಒಮ್ಮೆಯಾದರೂ ಅಮ್ಮ ತನ್ನ ಅಡುಗೆಯನ್ನು ಎಲ್ಲರಿಗಿಂತ ಮೊದಲು, ಬಿಸಿಯಾಗಿ ಸವಿಯಬೇಕು. ಅದು ನನ್ನ ಹಟವಾಗಿತ್ತು.

ತರಗತಿಯಲ್ಲಿ ನಾವಿಬ್ಬರಲ್ಲದೆ ಕೊಯಮತ್ತೂರಿನ ಅಕ್ಕತಂಗಿಯರಿದ್ದರು. ಅಂದಿನ ಪಾಠ, ತರಕಾರಿ ಹಾಕಿದ ಒಂದು ಹುಳಿ ಸೂಪು. ಜಜ್ಜಿದ ಮಜ್ಜಿಗೆಹುಲ್ಲು ಕುದಿನೀರಿಗೆ ಬಿದ್ದೊಡನೆ ಅಮ್ಮನ ಮುಖ ಅರಳಿತು.

"ಅಯ್ಯೋ, ಇದು ನಮ್ಮ ಕಷಾಯದ ಹುಲ್ಲಲ್ವೇನೇ!"

ಊಟಿಯ ಪಕ್ಕದ ಎಮರಾಲ್ಡ್ ಎಂಬ ಊರಿನ ಕ್ಯಾರೆಟ್ಟು ಬೆಂದಿತು. ಉಪ್ಪು, ಬೆಲ್ಲ, ನಿಂಬೆರಸ ಬಿದ್ದವು. ಮಾಸ್ಟರು ಬಂದು, "ಅವ್ವೆ, ಈಗ ಟೇಸ್ಟ್ ನೋಡಿ" ಎಂದರು. ಅಮ್ಮ ಬಗ್ಗಿ ವಾಸನೆ ನೋಡಿದಳು.

"ಉಪ್ಪು ಚೂರು ಬೇಕೇನೋ."

"ಮೂಗಲ್ಲಿ ಉಪ್ಪು ನೋಡ್ತೀರಾ? ನಾಲಿಗೇನ ಗೂಡಲೂರಲ್ಲೇ ಬಿಟ್ಟು ಬಂದ್ರಾ ಅವ್ವೆ?"

ಅಕ್ಕತಂಗಿಯರು ನಕ್ಕರು. ಅಮ್ಮನೂ ನಕ್ಕಳು. "ನಾಲ್ಕು ಜನ ತಿನ್ನೋದಪ್ಪ. ಎಂಜಲು ಮಾಡಬಾರದು."

"ಒಂದು ಡಬ್ಬ ಸ್ಪೂನ್ ಇದೆ ನೋಡಿ. ಬಾಯಿಗಿಡಿ, ತೊಳೆಯೋಕೆ ಹಾಕಿ, ಬೇರೆ ತಗೊಳ್ಳಿ."

ಅಮ್ಮ ವಿಧೇಯಳಾಗಿ ಒಂದು ಚಮಚ ತೆಗೆದುಕೊಂಡು, ಸೂಪು ತುಂಬಿ, ಊದಿ ಆರಿಸಿ, ನನ್ನ ಬಾಯಿಯ ಹತ್ತಿರ ತಂದಳು. "ನೀನು ನೋಡೇ. ಹುಳಿ ಸಾಕಾ?"

ನನ್ನ ತಾಳ್ಮೆ ಅಲ್ಲಿಗೆ ಮುಗಿಯಿತು.

"ಇದು ದೇವರಿಗಲ್ಲ. ಚಮಚ ಬೇರೆ ಇದೆ, ಪಾತ್ರೆ ಎಂಜಲಾಗಲ್ಲ. ನಾನು ರುಚಿ ನೋಡಿದರೆ ಸರಿ, ನೀನು ನೋಡಿದರೆ ತಪ್ಪು. ಇದು ಯಾವ ನ್ಯಾಯ ಅಮ್ಮ?"

"ನ್ಯಾಯ ಆಮೇಲೆ ಹೇಳುವೆಯಂತೆ, ಈಗ ಹುಳಿ ಹೇಳು."

"ನಾನು ಹೇಳಲ್ಲ. ನೀನೇ ನೋಡು."

"ಇಲ್ಲೇ ಕೋರ್ಟ್ ಶುರುವಾಯ್ತಲ್ಲ" ಎಂದು ಮಾಸ್ಟರು ಉರಿ ತಗ್ಗಿಸಿದರು.

ಎದುರಾಳಿ ಉತ್ತರಿಸದಿದ್ದರೆ ಚರ್ಚಾಸ್ಪರ್ಧೆಯಲ್ಲಿ ಗೆಲುವು ನಮ್ಮದು. ಅಮ್ಮ ಉತ್ತರಿಸಲಿಲ್ಲ. ಚಮಚದಲ್ಲಿದ್ದುದನ್ನು ಸಿಂಕಿಗೆ ಚೆಲ್ಲಿ, ಇನ್ನೊಂದು ನಿಂಬೆಹೋಳನ್ನು ಅಂದಾಜಿನ ಮೇಲೆ ಹಿಂಡಿಬಿಟ್ಟಳು. ಅಷ್ಟು ತರ್ಕಬದ್ಧವಾದ ಮಾತು ಅಷ್ಟು ಪೂರ್ತಿಯಾಗಿ ವ್ಯರ್ಥವಾದದ್ದನ್ನು ನಾನು ಯಾವ ವೇದಿಕೆಯಲ್ಲೂ ಕಂಡಿರಲಿಲ್ಲ.

ಊಟದ ಮೇಜಿನಲ್ಲಿ ಬಡಿಸಲು ಹೋಟೆಲಿನವರಿದ್ದರು. ಅಮ್ಮ ಅವರ ಕೈಗೆ ಸೌಟು ಕೊಡಲಿಲ್ಲ. "ಕೂತ್ಕೊಳ್ಳಿ, ಕೂತ್ಕೊಳ್ಳಿ, ನಾನು ಹಾಕ್ತೀನಿ" ಎನ್ನುತ್ತ ಎಲ್ಲರ ಬಟ್ಟಲಿಗೂ ಸುರಿದಳು. ನೀನು ಕೂರುವವರೆಗೆ ನಾನು ಮುಟ್ಟುವುದಿಲ್ಲ ಎಂದೆ, ಅದಕ್ಕೂ ಜಗ್ಗಲಿಲ್ಲ. ಅಕ್ಕತಂಗಿಯರು ಒಂದು ಗುಟುಕು ಕುಡಿದು, ನೀರಿನ ಲೋಟಕ್ಕೆ ಕೈಚಾಚುತ್ತ, "ಸೂಪರಾ ಇರುಕ್ಕು ಅಮ್ಮಾ" ಎಂದು ತಮಿಳಿನಲ್ಲಿ ಹೊಗಳಿದರು. ಅಷ್ಟು ಹೊತ್ತು ಕೀಟಲೆ ಮಾಡಿದ ಮಾಸ್ಟರು ಕೂಡ, ಹಿರಿಯರೆಂಬ ಮರ್ಯಾದೆಗೋ ಏನೋ, "ಚೆನ್ನಾಗಿದೆ ಅವ್ವೆ" ಎಂದುಬಿಟ್ಟರು. ನನಗೆ ಅವರ ಸೌಜನ್ಯದ ಮೇಲೂ ಸಿಟ್ಟು ಬಂತು.

ಉಳಿದವರದೆಲ್ಲ ಮುಗಿದ ಮೇಲೆ ಅಮ್ಮ ಕುಳಿತಳು. ಸೂಪು ತಣ್ಣಗಾಗಿತ್ತು. ಒಂದು ಚಮಚ ಬಾಯಿಗಿಟ್ಟವಳು ಕಣ್ಣು ಮುಚ್ಚಿಕೊಂಡಳು.

"ಇಷ್ಟೊಂದು ಹುಳಿ! ಎಲ್ಲರೂ ಚೆನ್ನಾಗಿದೆ ಅಂದ್ರಲ್ಲೇ?"

ಅವಳು ಬಟ್ಟಲನ್ನು ನೋಡುತ್ತಲೇ, ತೀರ ಸಣ್ಣ ದನಿಯಲ್ಲಿ ಕೇಳಿದಳು:

"ಮನೇಲೂ ಹೀಗೇ ಅಂತಿದ್ರೇನೇ?"

ಇಷ್ಟು ವರ್ಷ ದಿನಕ್ಕೆರಡು ಬಾರಿ ಅಡುಗೆ ಮಾಡಿದವಳು ಕೊನೆಯಲ್ಲಿ ತಾನೂ ಉಂಡರೂ, ತನ್ನ ಕೈರುಚಿಯ ಬಗ್ಗೆ ಸ್ವಂತ ನಾಲಿಗೆಗಿಂತ ಇನ್ನೊಬ್ಬರ ಮಾತನ್ನೇ ನಂಬಿದವಳಾಗಿದ್ದಳು. ಈಗ ಆ ಮಾತೂ ಅವಳಿಗೆ ಅನುಮಾನಕ್ಕೀಡಾಗಿತ್ತು.

ಓದುಗರಲ್ಲಿ ನನ್ನದೊಂದು ಕೋರಿಕೆ. ಇಂದು ನಿಮ್ಮ ಮನೆಯಲ್ಲಿ ಒಲೆಯಿಂದ ಇಳಿಸಿದ್ದನ್ನು ಅಡುಗೆ ಮಾಡಿದವರಿಗೇ ಮೊದಲು ಬಡಿಸಿ. ಅವರು ಬೇಡವೆನ್ನುತ್ತಾರೆ, ವಾದಕ್ಕಿಳಿಯಬೇಡಿ. ಕುರ್ಚಿ ಎಳೆದು ಕೂರಿಸಿ, ಬಡಿಸುವ ಕೆಲಸವನ್ನು ನೀವು ಮಾಡಿ.